ಕಾಲುವೆ ಏರಿ ಮೇಲೆ ಒಬ್ಬರೇ ಸೈಕಲ್: ಫ್ರಾನ್ಸ್ ಪ್ರವಾಸದ ಬಗ್ಗೆ ಕೊಡಗಿನ ಓದುಗರ ಪ್ರಶ್ನೆಗಳು

ಫ್ರಾನ್ಸಿನ ಕಾಲುವೆಗಳ ಪಕ್ಕ, ಸಮುದ್ರದ ಪಕ್ಕ ಒಬ್ಬರೇ ಸೈಕಲ್ ತುಳ್ಕೊಂಡು ರಜೆ ಕಳೆಯೋದರ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂತ ಹೋದ ತಿಂಗಳು ಹೇಳಿದ್ವಿ. ಕೊಡಗಿಂದಲೇ ಇಷ್ಟು ಪತ್ರ ಬಂದಿದ್ದು ನೋಡಿ ತುಂಬಾ ಖುಷಿ ಆಯ್ತು, ಅದಕ್ಕೆ ಈ ಸಲದ ಅಂಕಣ ಪೂರ್ತಿ ನಿಮಗೇ. ಒಂದೇ ತರದ ಪ್ರಶ್ನೆಗಳನ್ನ ಒಟ್ಟಿಗೆ ಸೇರಿಸಿದ್ದೀನಿ, ಹೆಸರು ಹಾಕಿಲ್ಲ.

ಪ್ರಶ್ನೆ: ನಂಗೆ 47 ವರ್ಷ, ಪೊನ್ನಂಪೇಟೆ ಹತ್ರ ನಮ್ಮ ಕಾಫಿ ತೋಟ. ಮಕ್ಕಳು ಬೆಂಗಳೂರಲ್ಲಿ ಕೆಲಸದಲ್ಲಿದ್ದಾರೆ. ದಿನಾ ಬೆಳಗ್ಗೆ ಗೋಣಿಕೊಪ್ಪ ತನಕ ಸೈಕಲಲ್ಲಿ ಹೋಗಿ ಬರ್ತೀನಿ. ಫ್ರಾನ್ಸಲ್ಲಿ ಕಾಲುವೆ ಪಕ್ಕದಲ್ಲೇ ದಿನಗಟ್ಟಲೆ ಸೈಕಲ್ ಹೊಡೀಬೋದು ಅಂತ ಮಗಳು ತೋರಿಸಿದಾಗಿಂದ ಅದೇ ಯೋಚನೆ. ಗ್ರೂಪ್ ಟೂರ್ ಬೇಡ, ಒಬ್ಬಳೇ ಹೋಗ್ಬೇಕು. ಮನೆಯವರು "ಒಬ್ಬಳೇ ಯಾಕೆ, ಏನಾದ್ರೂ ಆದ್ರೆ?" ಅಂತಾರೆ. ಅಲ್ಲಿನ ಭಾಷೆನೂ ಬರಲ್ಲ. ಯಾವ ದಾರಿ, ಯಾವ ತಿಂಗಳು?

ಉತ್ತರ: ಅಕ್ಕ, ಹೋಗಿ. ಮನೆಯವರ ಭಯದ ವಿಷಯ ಆಮೇಲೆ ಹೇಳ್ತೀನಿ, ಮೊದ್ಲು ದಾರಿ.

ನಿಮಗೆ ಹೇಳಿ ಮಾಡಿಸಿದ ಹಾಗಿರೋದು ಕನಾಲ್ ದ್ಯು ಮಿದಿ. ದಕ್ಷಿಣ ಫ್ರಾನ್ಸಿನ ತುಲೂಜ್ ಪಟ್ಟಣದಿಂದ ಮೆಡಿಟರೇನಿಯನ್ ಕರಾವಳಿಯ ತೋ ಅನ್ನೋ ಹಿನ್ನೀರಿನ ತನಕ 240 ಕಿ.ಮೀ. ಉದ್ದದ ಕಾಲುವೆ, 1666ರಲ್ಲಿ 14ನೇ ಲೂಯಿ ರಾಜ ಒಪ್ಪಿಗೆ ಕೊಟ್ಟು 1681ರಲ್ಲಿ ಕೆಲಸ ಮುಗಿದಿದ್ದು, 1996ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಕಟ್ಟಿಸಿದ್ದು ಪಿಯೆರ್ ಪೋಲ್ ರಿಕೆ, ಉಪ್ಪಿನ ತೆರಿಗೆ ವಸೂಲಿ ನೋಡ್ಕೊಳ್ತಿದ್ದವರು, ಸ್ವಂತ ದುಡ್ಡನ್ನೂ ಇದಕ್ಕೇ ಸುರಿದ್ರು, ಕಾಲುವೆ ತೆರೆಯೋಕೆ ಇನ್ನು ಕೆಲವೇ ತಿಂಗಳಿದ್ದಾಗ 1680ರಲ್ಲಿ ತೀರ್ಕೊಂಡ್ರು. ಹಿಂದೆ ದೋಣಿಗಳನ್ನ ಕುದುರೆ ಕಟ್ಟಿ ಎಳೀತಿದ್ದ ಏರಿ ದಾರಿ ಈಗ ಸೈಕಲ್ಲಿನವರಿಗೆ, ನಡೆಯೋರಿಗೆ. ದೋಣಿಗಾಗಿ ಕಟ್ಟಿದ್ದಲ್ವಾ, ಅದಕ್ಕೇ ಏರು ಅನ್ನೋದೇ ಇಲ್ಲ ಅನ್ನಬೋದು, ಇರೋದೆಲ್ಲ ಲಾಕ್ ಇರೋ ಕಡೆ ಹತ್ತು ಪೆಡಲಿನಷ್ಟು. ಲಾಕ್ ಅಂದ್ರೆ ದೋಣಿನ ನೀರಿನ ಜೊತೆಗೇ ಮೇಲೆತ್ತೋ, ಕೆಳಗಿಳಿಸೋ ಗೇಟಿನ ತೊಟ್ಟಿ. ಈ ಕಾಲುವೆಯಲ್ಲಿ ಅವು ನೇರ ಗೋಡೆಯವಲ್ಲ, ಮೊಟ್ಟೆ ಆಕಾರ, ಮಣ್ಣಿನ ಒತ್ತಡಕ್ಕೆ ಗೋಡೆ ಕುಸೀಬಾರ್ದು ಅಂತ. ಲಾಕ್ ಪಕ್ಕದ ಹಳೇ ಮನೆಗಳ ಗೋಡೆ ಮೇಲೆ ಹಿಂದಿನ ಲಾಕಿಗೆ ಎಷ್ಟು ದೂರ, ಮುಂದಿನದಕ್ಕೆ ಎಷ್ಟು ದೂರ ಅಂತ ಬರೆದಿರೋ ಫಲಕ ಇರತ್ತೆ. ಒಬ್ಬರೇ ಹೋಗೋರಿಗೆ ಅದು ಎಷ್ಟು ಸಮಾಧಾನ ಕೊಡತ್ತೆ ಅಂತ ಅಲ್ಲಿ ಹೋದ್ಮೇಲೇ ಗೊತ್ತಾಗೋದು, ಮ್ಯಾಪ್ ನೋಡೋ ಕೆಲಸನೇ ಇಲ್ಲ, ಪಕ್ಕದಲ್ಲಿ ನೀರು, ಮುಂದೆ ದಾರಿ.

ತುಲೂಜ್ ಬಿಟ್ಟು 50 ಕಿ.ಮೀ. ಆಸುಪಾಸು ನೌರೂಜ್ ಅನ್ನೋ ಜಾಗ ಬರತ್ತೆ, ಸಮುದ್ರ ಮಟ್ಟದಿಂದ 189 ಮೀಟರ್, ಇಡೀ ಕಾಲುವೆಯಲ್ಲಿ ಎತ್ತರದ ಜಾಗ ಅದೇ. ತಲಕಾವೇರಿ ಬೆಟ್ಟದ ಈಚೆ ಬಿದ್ದ ಮಳೆ ಕಾವೇರಿ ಆಗಿ ಬಂಗಾಳ ಕೊಲ್ಲಿಗೆ ಹೋಗತ್ತೆ, ಆಚೆ ಬಿದ್ದಿದ್ದು ಅರಬ್ಬೀ ಸಮುದ್ರಕ್ಕೆ, ಅಲ್ವಾ? ನೌರೂಜಲ್ಲೂ ಹಾಗೇ, ನೀರು ಒಂದು ಕಡೆ ಅಟ್ಲಾಂಟಿಕ್‌ಗೆ, ಇನ್ನೊಂದು ಕಡೆ ಮೆಡಿಟರೇನಿಯನ್‌ಗೆ. ರಿಕೆಯ ದೊಡ್ಡ ತಲೆನೋವು ಇದೇ ಆಗಿತ್ತು, ಎತ್ತರದಲ್ಲಿ ಇಡೀ ಕಾಲುವೆಗೆ ನೀರು ಎಲ್ಲಿಂದ ತರೋದು ಅಂತ. ಮೊಂತಾನ್ಯ ನ್ವಾರ್ ಬೆಟ್ಟಗಳ ತೊರೆಗಳನ್ನ ಸಾನ್ ಫೆರಿಯೋಲ್ ಹತ್ರ ಅಣೆಕಟ್ಟು ಹಾಕಿ ನಿಲ್ಲಿಸಿ, ಅಲ್ಲಿಂದ ಸಣ್ಣ ನಾಲೆ ಮಾಡಿ ನೌರೂಜಿಗೆ ತಂದ್ರು. ಕೊಡಗಿನವರು ಇಲ್ಲಿ ಸೈಕಲ್ ನಿಲ್ಲಿಸದೆ ಹೋಗ್ಬಾರ್ದು. ನೀರು ಎರಡು ಕಡೆ ಒಡೆಯೋ ಜಾಗದಲ್ಲಿ ಹುಟ್ಟಿ ಬೆಳೆದವರು ನಾವು, ಅದನ್ನ ನಮ್ಮಷ್ಟು ಚೆನ್ನಾಗಿ ಯಾರು ಅರ್ಥ ಮಾಡ್ಕೊಳ್ತಾರೆ ಹೇಳಿ.

ಮುಂದೆ ಕಾಸ್ಟೆಲ್‌ನೋದಾರಿ, ಆಮೇಲೆ ಕೋಟೆ ಊರು ಕಾರ್ಕಸೋನ್, ಆಮೇಲೆ ಬೆಟ್ಟ ಕೊರೆದು ಮಾಡಿದ ಮಲ್ಪಾ ಸುರಂಗ, ಆಮೇಲೆ ಬೆಜಿಯೆ ಊರಲ್ಲಿ ಫೋನ್ಸೆರಾನ್, ಅಂದ್ರೆ ಸಾಲಾಗಿ ಮೆಟ್ಟಿಲಿನ ಹಾಗೆ ಜೋಡಿಸಿರೋ ಲಾಕ್‌ಗಳು, ದೋಣಿ ಸುಮಾರು 21 ಮೀಟರ್ ಇಳಿಯತ್ತೆ, ಅರ್ಧ ದಿನ ಕೂತು ನೋಡಿದ್ರೂ ಸಾಕಾಗಲ್ಲ. ಕೊನೆಗೆ ಅಗ್ದ್, ಅಲ್ಲಿಂದ ಸೆತ್ ತನಕ ಒಂದು ಕಡೆ ಸಮುದ್ರ ಇನ್ನೊಂದು ಕಡೆ ಹಿನ್ನೀರು, ನಡುವೆ ಮರಳಿನ ಪಟ್ಟಿ ಮೇಲೆ ಸೈಕಲ್ ದಾರಿ. ಕಾಲುವೆ, ಕರಾವಳಿ ಎರಡೂ ಒಂದೇ ಪ್ರವಾಸದಲ್ಲಿ ಸಿಕ್ಕಿತು. ದಿನಕ್ಕೆ 35, 40 ಕಿ.ಮೀ. ಸಾಕು ಅಕ್ಕ, ಒಂದು ವಾರದ ಮೇಲೆ ಒಂದೆರಡು ದಿನ ಇಟ್ಕೊಳ್ಳಿ, ಓಡ್ಬೇಡಿ. ನೌರೂಜ್ ದಾಟಿದ ಮೇಲೆ ಕೆಲವು ಕಡೆ ಡಾಂಬರು ಇರಲ್ಲ, ಮಣ್ಣು ದಾರಿ, ಮರದ ಬೇರುಗಳು, ಅದಕ್ಕೆ ಸಪೂರ ಟಯರ್ ಬೇಡ, 38 ಅಥ್ವಾ 40 ಮಿ.ಮೀ. ಅಗಲದ್ದು ಹಾಕ್ಸಿ.

ಒಂದು ವಿಷಯ ಮೊದಲೇ ಹೇಳ್ಬೇಕು, ಇಲ್ಲಾಂದ್ರೆ ಅಲ್ಲಿ ನೋಡಿ ಬೇಜಾರಾಗತ್ತೆ. ಫೋಟೋಗಳಲ್ಲಿ ಕಾಣೋ ಎರಡೂ ದಡದ ಪ್ಲೇನ್ ಅನ್ನೋ ಜಾತಿಯ ನೆರಳು ಮರಗಳ ಚಪ್ಪರ ಈಗ ಎಷ್ಟೋ ಕಡೆ ಇಲ್ಲ. 42,000ದಷ್ಟು ಮರ ಇದ್ವು, 2006ರಲ್ಲಿ ಒಂದು ಶಿಲೀಂಧ್ರ ರೋಗ ಪತ್ತೆ ಆಯ್ತು, ಮದ್ದಿಲ್ಲ, ಒಂದು ಮರಕ್ಕೆ ಬಂದ್ರೆ ಸುತ್ತಮುತ್ತಲಿನದನ್ನೂ ಕಡಿದು ಸುಡ್ಬೇಕು. ನೆರಳು ಮರ ಬೆಳೆಸೋಕೆ ಎಷ್ಟು ವರ್ಷ ಬೇಕು ಅಂತ ತೋಟದವರಾದ ನಿಮಗೆ ನಾನು ಹೇಳ್ಬೇಕಾ. ಬೇರೆ ಬೇರೆ ಜಾತಿ ಸಸಿ ನೆಡ್ತಾ ಇದ್ದಾರೆ, ದೊಡ್ಡದಾಗೋಕೆ ಕಾಲ ಬೇಕು. ಅಲ್ಲಿಯವರೆಗೆ ಬಿಸಿಲು ಜೋರು, ಟೋಪಿ, ಜಾಸ್ತಿ ನೀರು ಇಟ್ಕೊಳ್ಳಿ.

ತಿಂಗಳು: ಸೆಪ್ಟೆಂಬರ್. ಮನೇಲಿ ಕೈಲ್ ಪೊಳ್ದ್ ಮುಗಿಸಿ ಹೊರಟ್ರೆ ತುಲಾ ಸಂಕ್ರಮಣಕ್ಕೆ ಮುಂಚೆ ಆರಾಮಾಗಿ ವಾಪಸ್ ಬರ್ಬೋದು, ಕಾಫಿ ಕುಯ್ಲಿಗೂ ತೊಂದ್ರೆ ಇಲ್ಲ. ಅಲ್ಲಿ ಆಗ ಜುಲೈ ಆಗಸ್ಟಿನ ಸೆಕೆ, ಜನ ಎರಡೂ ಇಳಿದಿರತ್ತೆ, ದ್ರಾಕ್ಷಿ ಕುಯ್ಲು ನಡೀತಿರತ್ತೆ, ಸಂಜೆ ಏಳೂವರೆ ತನಕ ಬೆಳಕು. ತುಲೂಜಿಂದ ಸಮುದ್ರದ ಕಡೆಗೇ ಹೋಗಿ, ಉಲ್ಟಾ ಬೇಡ, ಯಾಕಂದ್ರೆ ಕಾರ್ಕಸೋನ್ ಕಡೆ ವಾಯವ್ಯದ ಗಾಳಿ ಜಾಸ್ತಿ, ಅದು ಬೆನ್ನಿಗೆ ಬರತ್ತೆ. ಆಗ್ನೇಯದಿಂದ ಬೀಸೋ ಓತಾನ್ ಅನ್ನೋ ಗಾಳಿನೂ ಉಂಟು, ಅದು ಎದ್ದ ದಿನ ಎದುರು ಗಾಳಿ, ಅವತ್ತು ಕಮ್ಮಿ ದೂರ ಹೋಗಿ.

ಇನ್ನು ಮನೆಯವರ ಭಯ. ಅವರನ್ನ ದೂರ್ಬೇಡಿ, ಅಷ್ಟು ದೂರ ಒಬ್ಬರನ್ನೇ ಕಳಿಸೋದು ಸುಲಭ ಅಲ್ಲ. ಅವರಿಗೆ ಹೇಳಿ, ಏರಿ ದಾರಿಯಲ್ಲಿ ಕಾರು ಲಾರಿ ಇಲ್ಲ, ಹಗಲಲ್ಲಿ ಅಜ್ಜ ಅಜ್ಜಿ, ಮಕ್ಕಳು, ದೋಣಿಯವರು ಯಾರಾದ್ರೂ ಕಾಣ್ತಾನೇ ಇರ್ತಾರೆ, ಪ್ರತಿ ಕೆಲವು ಕಿಲೋಮೀಟರಿಗೆ ಊರು. ಒಬ್ಬರೇ ಹೆಂಗಸರು ಬ್ಯಾಗ್ ಕಟ್ಕೊಂಡು ಹೋಗೋದು ಅಲ್ಲಿ ಯಾರೂ ತಿರುಗಿ ನೋಡೋ ವಿಷಯ ಅಲ್ಲ. ನಿಜವಾಗ್ಲೂ ಜಾಗ್ರತೆ ಬೇಕಾಗಿರೋದು ಸೈಕಲ್ ಕಳ್ಳತನಕ್ಕೆ, ಮತ್ತೆ ದೊಡ್ಡ ಪಟ್ಟಣಗಳ ಅಂಚಿನಲ್ಲಿ ಕತ್ತಲಾದ ಮೇಲೆ ಸೇತುವೆ ಕೆಳಗಿನ ದಾರಿಗಳಿಗೆ. ತುಲೂಜ್‌ನ ಬೆಳಗ್ಗೆ ಬಿಡಿ, ಬೆಜಿಯೆ ಮಧ್ಯಾಹ್ನವೇ ಸೇರಿ. ಗಟ್ಟಿ ಬೀಗ ಒಯ್ಯಿರಿ. ತಂಗೋ ಜಾಗ ಆರಿಸುವಾಗ ಆಕ್ಯುಯಿ ವೆಲೋ ಅನ್ನೋ ಬೋರ್ಡ್ ಇರೋದನ್ನ ಹುಡುಕಿ, ಸೈಕಲ್ ದಾರಿಯಿಂದ 5 ಕಿ.ಮೀ. ಒಳಗಿದ್ದು, ಸೈಕಲ್ ಇಡೋಕೆ ಭದ್ರ ಜಾಗ, ರಿಪೇರಿ ಸಾಮಾನು ಇಟ್ಟವರಿಗೆ ಮಾತ್ರ ಆ ಬೋರ್ಡ್ ಕೊಡೋದು. ದಿನಾ ಸಂಜೆ ಸೇರಿದ ಕೂಡ್ಲೇ ಮನೆಗೆ ಒಂದು ಫೋಟೋ ಹಾಕಿ, ನಾಳೆ ಎಲ್ಲಿ ತಂಗ್ತೀನಿ ಅಂತ ಹೆಸರು ಕಳಿಸಿ. ತುರ್ತಿಗೆ 112, ಯುರೋಪಲ್ಲೆಲ್ಲ ಅದೇ ನಂಬರ್.

ಭಾಷೆಗೆ ಹೆದರ್ಬೇಡಿ. ಅಂಗಡಿ ಒಳಗೆ ಕಾಲಿಟ್ಟ ಕೂಡ್ಲೇ ಬೋಂಜೂರ್ ಅನ್ನಿ, ಅದನ್ನ ಹೇಳದೆ ನೇರ ಬ್ರೆಡ್ ಕೇಳಿದ್ರೆ ಅಲ್ಲಿನವರಿಗೆ ಅಗೌರವ ಅನ್ಸತ್ತೆ. ಅದೊಂದು ಹೇಳಿದ್ರೆ ಮಿಕ್ಕಿದ್ದು ಕೈಸನ್ನೆ, ಫೋನಿನ ಅನುವಾದದ ಆಪಲ್ಲಿ ನಡೀತದೆ.

ಪ್ರಶ್ನೆ: ಸುಂಟಿಕೊಪ್ಪದವನು, ಈಗ ಮನೆಯಿಂದಲೇ ಐಟಿ ಕೆಲಸ. ನಂಗೆ ಕಾಲುವೆಗಿಂತ ಸಮುದ್ರ ಇಷ್ಟ. ಅಟ್ಲಾಂಟಿಕ್ ಕರಾವಳಿ ಪೂರ್ತಿ ಎರಡು ವಾರದಲ್ಲಿ ಒಬ್ಬನೇ ಮುಗಿಸ್ಬೇಕು ಅಂತ ಪ್ಲಾನ್, ದಿನಕ್ಕೆ 100 ಕಿ.ಮೀ. ನಮ್ಮ ಘಾಟಿ ಹತ್ತಿ ಅಭ್ಯಾಸ ಇದೆ, ಅಲ್ಲಿ ಎಲ್ಲಾ ಚಪ್ಪಟೆ ಅಲ್ವಾ?

ಉತ್ತರ: ಚಪ್ಪಟೆ ಹೌದು ತಮ್ಮ, ಆದ್ರೆ ಗಾಳಿ ಉಂಟಲ್ಲ. ಘಾಟಿ ಏರು ಎಲ್ಲೋ ಒಂದು ಕಡೆ ಮುಗಿಯತ್ತೆ, ಇಳಿಜಾರು ಸಿಗತ್ತೆ. ಸಮುದ್ರದ ಗಾಳಿ ಎದುರಿಗೆ ಬಂದ್ರೆ ಬೆಳಗ್ಗೆಯಿಂದ ಸಂಜೆ ತನಕ ಅದೇ, ತಲೆ ಬಗ್ಗಿಸಿ ತುಳೀಬೇಕು, ಒಬ್ಬರೇ ಇದ್ದಾಗ ಮುಂದೆ ಹೋಗಿ ಗಾಳಿ ತಡೆಯೋಕೂ ಯಾರೂ ಇಲ್ಲ. ಅದಕ್ಕೆ ಉತ್ತರದಿಂದ ದಕ್ಷಿಣಕ್ಕೆ ಹೋಗಿ, ಬೇಸಿಗೆಯಲ್ಲಿ ಪಶ್ಚಿಮ, ವಾಯವ್ಯದ ಗಾಳಿನೇ ಜಾಸ್ತಿ, ಅರ್ಧಕ್ಕರ್ಧ ಸಹಾಯ ಮಾಡತ್ತೆ.

ವೆಲೊಡಿಸಿ ಅಂತ ಆ ದಾರಿಗೆ ಹೆಸರು, ಫ್ರಾನ್ಸಿನ ವಾಯವ್ಯದ ಬ್ರಿಟನಿ ಪ್ರಾಂತ್ಯದ ರೊಸ್ಕೋಫ್‌ನಿಂದ ಸ್ಪೇನ್ ಗಡಿಯ ಆಂದಾಯ್ ತನಕ, 1,200 ಕಿ.ಮೀ.ಗೂ ಜಾಸ್ತಿ. ಕಾಲುವೆ ಬೇಡ ಅಂದ್ರಲ್ಲ, ಮಜಾ ಏನಂದ್ರೆ ಅದರ ಮೊದಲ ಭಾಗ ಬಹುಪಾಲು ನಾಂತ್–ಬ್ರೆಸ್ಟ್ ಕಾಲುವೆ ಪಕ್ಕನೇ. ಇಂಗ್ಲಿಷರ ನೌಕಾಪಡೆ ಸಮುದ್ರ ದಾರಿ ತಡೆದಾಗ ಬ್ರೆಸ್ಟ್ ಬಂದರಿಗೆ ಒಳನಾಡಿಂದ ಸಾಮಾನು ಸಾಗಿಸೋಕೆ ಅಂತ ನೆಪೋಲಿಯನ್ ಕಾಲದಲ್ಲಿ ಶುರು ಮಾಡಿದ್ದು. ಎರಡು ವಾರಕ್ಕೆ ಪೂರ್ತಿ ದಾರಿ ನಂಗೆ ಒಪ್ಪಿಗೆ ಇಲ್ಲ. ಹೋಗೋಕೆ ಆಗತ್ತೆ, ನೋಡೋಕೆ ಆಗಲ್ಲ. ಲಾ ರೊಷೆಲ್‌ಗೆ ರೈಲಲ್ಲಿ ಹೋಗಿ ಅಲ್ಲಿಂದ ದಕ್ಷಿಣಕ್ಕೆ ಬಿಯಾರಿಟ್ಜ್ ತನಕ ಇಟ್ಕೊಳ್ಳಿ, ದಿನಕ್ಕೆ 60 ಕಿ.ಮೀ., ಮಧ್ಯೆ ಈಜೋಕೆ, ಸುಮ್ನೆ ಕೂರೋಕೆ ದಿನ ಉಳಿಯತ್ತೆ.

ಆ ದಾರೀಲಿ ರೊಯಾನ್‌ನಲ್ಲಿ ಸೈಕಲ್ ಸಮೇತ ಫೆರ್ರಿ ಹತ್ತಿ ಜಿರೋಂದ್ ಅಳಿವೆ ದಾಟ್ತೀರಿ, ಆಚೆ ದಡ ಮೆದೋಕ್, ದ್ರಾಕ್ಷಿ ತೋಟಗಳ ಸೀಮೆ. ತೋಟದ ಮನೆಯವರಿಗೆ ಒಂದು ಮಾತು: ಮಳೆಗಾಲಕ್ಕೆ ಮುಂಚೆ ನಾವು ಮೆಣಸಿನ ಬಳ್ಳಿಗೆ, ಕಾಫಿಗೆ ಹೊಡೀತೀವಲ್ಲ ಬೋರ್ಡೋ, ಮೈಲುತುತ್ತು ಸುಣ್ಣ ಸೇರಿಸಿ, ಅದು ಹುಟ್ಟಿದ್ದು ಇಲ್ಲೇ. ರಸ್ತೆ ಬದಿ ದ್ರಾಕ್ಷಿ ಕಳ್ಳರು ಕೀಳ್ಬಾರ್ದು ಅಂತ ರೈತರು ನೀಲಿ ಬಣ್ಣ ಕಾಣೋ ಹಾಗೆ ಅದನ್ನ ಬಳೀತಿದ್ರು, ಆ ಬಳ್ಳಿಗಳಿಗೆ ಮಾತ್ರ ಎಲೆ ರೋಗ ಬಂದಿಲ್ಲ ಅಂತ ಬೋರ್ಡೋ ವಿಶ್ವವಿದ್ಯಾಲಯದ ಮಿಯಾರ್ದೆ ಅನ್ನೋ ಸಸ್ಯಶಾಸ್ತ್ರಜ್ಞರು ಗಮನಿಸಿ, ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ್ರು. ನಮ್ಮ ತೋಟ ಉಳಿಸಿರೋ ಮದ್ದಿನ ಊರು ಅದು, ಸಮುದ್ರದ ಪಕ್ಕದ ದಾರಿ ಬಿಟ್ಟು ಒಂದು ದಿನ ದ್ರಾಕ್ಷಿ ತೋಟಗಳ ಮಧ್ಯೆ ಹೋಗಿ ಬನ್ನಿ.

ಆಮೇಲೆ ಆರ್ಕಶೋನ್ ಪಕ್ಕ ಪಿಲಾ ಮರಳು ದಿಬ್ಬ, 100 ಮೀಟರಿಗೂ ಎತ್ತರ, ಯುರೋಪಲ್ಲೇ ದೊಡ್ಡದು. ಅಲ್ಲಿಂದ ಕೆಳಗೆ ಪೂರ್ತಿ ಪೈನ್ ಕಾಡು. 2022ರ ಜುಲೈಯಲ್ಲಿ ಆ ದಿಬ್ಬದ ಪಕ್ಕದ ಕಾಡಿಗೆ ಬೆಂಕಿ ಬಿದ್ದು ಕ್ಯಾಂಪ್‌ಸೈಟುಗಳೂ ಸುಟ್ಟು ಹೋದ್ವು, ಹಾಗಾಗಿ ಬೇಸಿಗೆಯಲ್ಲಿ ಬೆಂಕಿ ಅಪಾಯ ಇರೋ ದಿನ ಕಾಡಿನ ದಾರಿಗಳನ್ನ ಮುಚ್ತಾರೆ, ಬೆಳಗ್ಗೆ ಎದ್ದು ಅದನ್ನ ವಿಚಾರಿಸಿ ಹೊರಡಿ. ಸ್ಟವ್ ಹಚ್ಚೋದೆಲ್ಲ ಆ ಕಾಡೊಳಗೆ ಬೇಡವೇ ಬೇಡ.

ಲಾ ರೊಷೆಲ್‌ಗಿಂತ ಉತ್ತರದ ನ್ವಾರ್ಮುತಿಯೆ ದ್ವೀಪಕ್ಕೂ ಹೋಗೋ ಆಸೆ ಇದ್ರೆ, ಗ್ವಾ ಅನ್ನೋ ರಸ್ತೆ ದಿನಕ್ಕೆ ಎರಡು ಸಲ ಸಮುದ್ರದಲ್ಲಿ ಮುಳುಗತ್ತೆ. ಇಳಿತದ ಹೊತ್ತಿಗೆ ಒಂದೂವರೆ ಗಂಟೆ ಮುಂಚೆ, ಒಂದೂವರೆ ಗಂಟೆ ನಂತರ, ಅಷ್ಟರಲ್ಲೇ ದಾಟ್ಬೇಕು. ರಸ್ತೆಯ ಎರಡೂ ತುದಿಯಲ್ಲಿ ಟೈಮ್ ಹಾಕಿರ್ತಾರೆ. ಧೈರ್ಯ ತೋರಿಸೋ ಜಾಗ ಅಲ್ಲ.

ಪ್ರಶ್ನೆ: ನಾಪೋಕ್ಲು. ನಮ್ಮ ಸೈಕಲ್ಲೇ ಒಯ್ಯೋದಾ, ಅಲ್ಲೇ ಬಾಡಿಗೆಗೆ ತಗೊಳ್ಳೋದಾ? ರೈಲಲ್ಲಿ ಸೈಕಲ್ ಬಿಡ್ತಾರಾ?

ಉತ್ತರ: ಒಂದು ವಾರ ಹತ್ತು ದಿನಕ್ಕೆ ಬಾಡಿಗೆನೇ ವಾಸಿ. ತುಲೂಜಲ್ಲಿ ತಗೊಂಡು ಕಾಲುವೆಯ ಇನ್ನೊಂದು ತುದಿಯಲ್ಲಿ ಬಿಡೋ ವ್ಯವಸ್ಥೆ ಇರೋ ಅಂಗಡಿಗಳಿದ್ದಾವೆ, ಬ್ಯಾಗೂ ಅವರೇ ಕೊಡ್ತಾರೆ. ಮೂರು ವಾರದ ಮೇಲೆ ಇರೋದಾದ್ರೆ, ನಿಮ್ಮ ಸೀಟಿಗೇ ಮೈ ಒಗ್ಗಿದ್ರೆ, ನಿಮ್ಮದನ್ನೇ ಒಯ್ಯಿರಿ: ಪೆಡಲ್ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಗಾಳಿ ಸ್ವಲ್ಪ ಇಳಿಸಿ, ಸೈಕಲ್ ಅಂಗಡಿಯಲ್ಲಿ ಹೊಸ ಸೈಕಲ್ ಬರೋ ರಟ್ಟಿನ ಡಬ್ಬ ಕೇಳಿ ಅದರಲ್ಲಿ ಪ್ಯಾಕ್ ಮಾಡಿ. ರೈಲಿನ ವಿಷಯ, ಟಿಇಆರ್ ಅನ್ನೋ ಪ್ರಾದೇಶಿಕ ರೈಲುಗಳಲ್ಲಿ ಸಾಮಾನ್ಯವಾಗಿ ಸೈಕಲ್ ಹಾಗೇ ಹತ್ತಿಸ್ಬೋದು, ಬೇಸಿಗೆಯಲ್ಲಿ ಕೆಲವು ಕಡೆ ಮೊದಲೇ ಬುಕ್ ಮಾಡಿ ಅಂತಾರೆ. ಟಿಜಿವಿ ಅನ್ನೋ ವೇಗದ ರೈಲುಗಳಲ್ಲಿ ಎಲ್ಲದರಲ್ಲೂ ಸೈಕಲ್ ಜಾಗ ಇರಲ್ಲ, ಇರೋದ್ರಲ್ಲಿ ಟಿಕೆಟ್ ಜೊತೆಗೇ ಸೈಕಲ್ಲಿಗೂ ಸೀಟ್ ಮಾಡಿಸ್ಬೇಕು, ಬೇಗ ಖಾಲಿ ಆಗತ್ತೆ.

ಹೋಗೋಕೆ ಮುಂಚೆ ತುಂಬಿದ ಬ್ಯಾಗ್ ಕಟ್ಟಿ ಕುಶಾಲನಗರದಿಂದ ಪಿರಿಯಾಪಟ್ಟಣದ ಕಡೆ ಒಂದಷ್ಟು ದಿನ ತುಳೀರಿ, ಭಾರ ಹೊತ್ತ ಸೈಕಲ್ ತಿರುಗೋದೇ ಬೇರೆ ತರ. ಮಾಲ್ದಾರೆ, ಸಿದ್ದಾಪುರ ಕಡೆ ಮಾತ್ರ ನಸುಕಲ್ಲಿ ಒಬ್ಬರೇ ಹೋಗ್ಬೇಡಿ, ಆನೆ.

ಪ್ರಶ್ನೆ: ವಿರಾಜಪೇಟೆಯಿಂದ ಇಬ್ಬರು ಕೇಳಿದ್ದಾರೆ, ಊಟದ ಬಗ್ಗೆ. ಒಬ್ಬರು ಪಕ್ಕಾ ಸಸ್ಯಾಹಾರಿ, ಇನ್ನೊಬ್ಬರಿಗೆ ಪಂದಿ ಕರಿ ಇಲ್ಲದೆ ಊಟ ಸೇರಲ್ಲ.

ಉತ್ತರ: ಎರಡನೆಯವರಿಗೆ ಚಿಂತೆನೇ ಇಲ್ಲ. ಕಾಲುವೆ ದಾರಿಯ ಕಾಸ್ಟೆಲ್‌ನೋದಾರಿ ಊರೇ ಕಾಸುಲೆ ಅನ್ನೋ ಅಡುಗೆಗೆ ಪ್ರಸಿದ್ಧ, ಬಿಳಿ ಬೀನ್ಸು, ಹಂದಿ ಮಾಂಸ, ಬಾತುಕೋಳಿ ಎಲ್ಲ ಹಾಕಿ ಮಣ್ಣಿನ ಪಾತ್ರೆಯಲ್ಲಿ ನಿಧಾನಕ್ಕೆ ಬೇಯಿಸಿದ್ದು. ಕಾಚಂಪುಳಿ ಹುಳಿ, ಖಾರ ಏನೂ ಇರಲ್ಲ, ಆದ್ರೂ ಹೊಟ್ಟೆ ತುಂಬಾ ತಿಂದು ಸಂತೋಷ ಪಡೋ ಊಟ. ಮಧ್ಯಾಹ್ನ ತಿಂದ್ರೆ ಆಮೇಲೆ ಸೈಕಲ್ ತುಳಿಯೋಕೆ ಆಗಲ್ಲ, ಅವತ್ತು ಅಲ್ಲೇ ಉಳ್ಕೊಳ್ಳೋ ಹಾಗೆ ನೋಡ್ಕೊಳ್ಳಿ.

ಸಸ್ಯಾಹಾರಿಗಳಿಗೆ ಹಳ್ಳಿ ಹೋಟೆಲಲ್ಲಿ ಸ್ವಲ್ಪ ಕಷ್ಟ, ಸಲಾಡ್ ಅಂದ್ರೂ ಮೇಲೆ ಹಂದಿ ತುಂಡು ಬಿದ್ದಿರತ್ತೆ, ಮೊದಲೇ ಕೇಳಿ. ಬೇಕರಿ, ವಾರದ ಸಂತೆ ಇವೆರಡನ್ನ ನಂಬಿ: ಬ್ರೆಡ್, ಚೀಸ್, ಟೊಮೆಟೊ, ಪೀಚ್, ಅಂಜೂರ. ಬ್ರಿಟನಿ ಕಡೆ ಹೋದ್ರೆ ಗಲೆತ್ ಸಿಗತ್ತೆ, ಬಕ್‌ವೀಟ್ ಅನ್ನೋ ಕಾಳಿನ ಕಪ್ಪು ಹಿಟ್ಟಿನ ತೆಳು ದೋಸೆ, ಚೀಸ್ ಅಣಬೆ ಹಾಕಿಸ್ಕೊಳ್ಳಿ. ಗಮನ ಇಡಬೇಕಾದ್ದು ಟೈಮಿಗೆ. ಹೋಟೆಲಲ್ಲಿ ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡು, ಅದು ದಾಟಿದ್ರೆ ಅಡುಗೆಮನೆ ಬಂದ್, ಹಳ್ಳಿ ಅಂಗಡಿಗಳೂ ಆ ಹೊತ್ತಿಗೆ ಬಾಗಿಲು ಹಾಕ್ತವೆ. ಭಾನುವಾರ ಮಧ್ಯಾಹ್ನದ ಮೇಲೆ, ಸೋಮವಾರ ಎಷ್ಟೋ ಊರಲ್ಲಿ ಏನೂ ಸಿಗಲ್ಲ, ಶನಿವಾರನೇ ಬ್ಯಾಗಿಗೆ ಏನಾದ್ರೂ ಹಾಕ್ಕೊಳ್ಳಿ. ನಲ್ಲಿ ನೀರು ಕುಡೀಬೋದು. ಊರಲ್ಲಿ ನಲ್ಲಿ ಕಾಣದಿದ್ರೆ ಸ್ಮಶಾನದ ಗೇಟ್ ಹತ್ರ ನೋಡಿ, ಹೂವಿನ ಗಿಡಗಳಿಗೆ ಅಂತ ನಲ್ಲಿ ಇಟ್ಟಿರ್ತಾರೆ, ಸೈಕಲ್ಲಿನವರೆಲ್ಲ ಅಲ್ಲೇ ಬಾಟಲಿ ತುಂಬಿಸೋದು, ಕುಡಿಯೋ ನೀರಲ್ಲ ಅಂತ ಬೋರ್ಡ್ ಇದ್ರೆ ಮಾತ್ರ ಬಿಟ್ಬಿಡಿ.

ಪ್ರಶ್ನೆ: ಸೋಮವಾರಪೇಟೆ. ಸಂಬಳ ಇಲ್ಲ, ತೋಟದ ಆದಾಯ ಮಾತ್ರ. ವೀಸಾ ಕೊಡ್ತಾರಾ?

ಉತ್ತರ: ಸಂಬಳದ ಚೀಟಿ ಇಲ್ಲ ಅನ್ನೋದೇ ಅಡ್ಡಿ ಆಗಬೇಕಾಗಿಲ್ಲ, ಕಾಗದ ಸರಿ ಜೋಡಿಸ್ಬೇಕು. ಬೇಕಾಗಿರೋದು ಷೆಂಗೆನ್ ವೀಸಾ, ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ, ಅರ್ಜಿನ ಬೆಂಗಳೂರಲ್ಲೇ ಕೊಡ್ಬೋದು, ಪ್ರಯಾಣಕ್ಕೆ ಆರು ತಿಂಗಳು ಇರುವಾಗಿಂದ ತಗೊಳ್ತಾರೆ, ಕೊನೆ ಗಳಿಗೆಗೆ ಬಿಡ್ಬೇಡಿ. ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್, ಜಾಗದ ಆರ್‌ಟಿಸಿ, ಕಾಫಿ ಮೆಣಸು ಮಾರಿದ ಬಿಲ್ಲು ಇಡಿ. ಕಮ್ಮಿ ಅಂದ್ರೂ 30,000 ಯೂರೋ ಚಿಕಿತ್ಸೆ ಖರ್ಚು ಬರೋ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ, ಅದರಲ್ಲಿ ಸೈಕ್ಲಿಂಗ್ ಸೇರಿದೆಯಾ ಅಂತ ಓದಿ ನೋಡಿ. ಸೈಕಲ್ ಪ್ರವಾಸ ಅಂತ ಮುಚ್ಚಿಡ್ಬೇಡಿ, ದಿನದಿನದ ಊರು, ತಂಗೋ ಜಾಗ ಬರೆದು ಕೊಡಿ.

ಪ್ರಶ್ನೆ: ಮಡಿಕೇರಿಯ ನಿವೃತ್ತ ಸೈನಿಕ. ವಯಸ್ಸು 61, ಸೈಕಲ್ ಈಗಲೂ ತುಳೀತೀನಿ. ಮೊದಲ ಮಹಾಯುದ್ಧದಲ್ಲಿ ನಮ್ಮ ಸಿಪಾಯಿಗಳು ಹೋರಾಡಿದ ಜಾಗಕ್ಕೆ ಸೈಕಲಲ್ಲೇ ಹೋಗ್ಬೋದಾ?

ಉತ್ತರ: ಹೋಗ್ಬೋದು ಸರ್, ಅದೂ ಸಮುದ್ರದಿಂದ ಶುರು ಮಾಡಿ ಕಾಲುವೆಗಳ ಹತ್ತಿರದಲ್ಲೇ. ಉತ್ತರದ ಕಲೇ ಬಂದರಿಂದ ಒಳಕ್ಕೆ ಸಾನ್ ತೊಮೆರ್, ಅಲ್ಲಿಂದ ಏರ್, ಆಮೇಲೆ ಬೆತ್ಯೂನ್, ಊರಿಂದೂರಿಗೆ ಕಾಲುವೆಗಳ ಸರಪಳಿನೇ ಉಂಟು. ಎಲ್ಲಾ ಕಡೆ ಏರಿ ದಾರಿ ಒಂದೇ ಸಮ ಇಲ್ಲ, ಆಗಾಗ ಸಣ್ಣ ರಸ್ತೆಗೆ ಇಳೀಬೇಕು, ಅವಸರ ಇಲ್ಲದೆ ಮೂರು ನಾಲ್ಕು ದಿನ ಇಟ್ಕೊಳ್ಳಿ. ಸಾನ್ ತೊಮೆರ್ ಪಕ್ಕ ಆರ್ಕ್ ಅನ್ನೋ ಊರಲ್ಲಿ 1888ರ ದೋಣಿ ಎತ್ತೋ ಯಂತ್ರ ಹಾಗೇ ನಿಂತಿದೆ, ಈಗ ಕೆಲಸ ಮಾಡಲ್ಲ, ನೋಡೋಕೆ ಚೆಂದ.

ಬೆತ್ಯೂನ್ ದಾಟಿದ್ರೆ ಫೆಸ್ತ್ಯುಬೇರ್, ಮತ್ತೆ ನವ್ ಶಪೆಲ್. 1915ರ ಮಾರ್ಚ್ 10ರಿಂದ 13ರ ತನಕ ಅಲ್ಲಿ ನಡೆದ ಕದನದಲ್ಲಿ ಭಾರತೀಯ ಸೈನಿಕರು ಮುಂದಿನ ಸಾಲಲ್ಲಿದ್ರು. ಗಢವಾಲಿನ ಗಬ್ಬರ್ ಸಿಂಗ್ ನೇಗಿ ಅಲ್ಲೇ ಪ್ರಾಣ ಕೊಟ್ರು, ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ದರ್ವಾನ್ ಸಿಂಗ್ ನೇಗಿ ಅವರಿಗೆ ಅದು ಸಿಕ್ಕಿದ್ದು 1914ರ ನವೆಂಬರಲ್ಲಿ ಫೆಸ್ತ್ಯುಬೇರ್ ಹತ್ರದ ಹೋರಾಟಕ್ಕೆ. ನವ್ ಶಪೆಲ್ ರಸ್ತೆ ಬದಿಯಲ್ಲೇ ದುಂಡಗಿನ ಭಾರತೀಯ ಸ್ಮಾರಕ, 1927ರಲ್ಲಿ ತೆರೆದಿದ್ದು, ಸಮಾಧಿ ಎಲ್ಲಿದೆ ಅಂತಲೇ ಗೊತ್ತಿಲ್ಲದ 4,700ಕ್ಕೂ ಹೆಚ್ಚು ಸೈನಿಕರ ಹೆಸರು ಗೋಡೆ ಮೇಲೆ ಕೆತ್ತಿದ್ದಾರೆ, ಕಂಬದ ಮೇಲೆ ಕಮಲ, ಪಕ್ಕದಲ್ಲಿ ಹುಲಿಗಳು. ಸುತ್ತ ಬರೀ ಹೊಲ. ನಮ್ಮಂಥ ಸೈನಿಕರ ನಾಡಿಂದ ಹೋಗೋರು ಇದನ್ನ ನೋಡಿ ಬರ್ಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿ ಮಳೆ, ಗಾಳಿ ದಕ್ಷಿಣಕ್ಕಿಂತ ಜಾಸ್ತಿ, ಮೇ ಕೊನೆಯಿಂದ ಸೆಪ್ಟೆಂಬರ್ ಮಧ್ಯದ ಒಳಗೆ ಹೋಗಿ, ಒಳ್ಳೆ ಮಳೆ ಜಾಕೆಟ್ ಇರ್ಲಿ.

ಪ್ರಶ್ನೆ: ಶನಿವಾರಸಂತೆ. ಮೊಣಕಾಲು ನೋವಿದೆ. ನನ್ನ ಬ್ಯಾಟರಿ ಸೈಕಲ್ ವಿಮಾನದಲ್ಲಿ ಒಯ್ಯಬೋದಾ?

ಉತ್ತರ: ಆಗಲ್ಲ. 160 ವಾಟ್-ಅವರ್ ಮೇಲಿನ ಬ್ಯಾಟರಿ ಪ್ರಯಾಣಿಕರ ವಿಮಾನದಲ್ಲಿ ಬಿಡಲ್ಲ, ಸೈಕಲ್ ಬ್ಯಾಟರಿ ಸಾಮಾನ್ಯವಾಗಿ ಅದರ ಎರಡು ಮೂರು ಪಟ್ಟು ಇರತ್ತೆ. ಅಲ್ಲೇ ಬಾಡಿಗೆಗೆ ತಗೊಳ್ಳಿ, ಕಾಲುವೆ ದಾರಿಯಲ್ಲಿ ಬ್ಯಾಟರಿ ಸೈಕಲ್ ಈಗ ತುಂಬಾ ಜನ ಓಡಿಸ್ತಾರೆ, ತಂಗೋ ಕಡೆ ರಾತ್ರಿ ಚಾರ್ಜಿಗೆ ಹಾಕೋಕೆ ಬಿಡ್ತಾರೆ. ಬಾಡಿಗೆಗೆ ತಗೊಂಡ ಕೂಡ್ಲೇ ಸೀಟಿನ ಎತ್ತರ ಸರಿ ಮಾಡಿಸ್ಕೊಳ್ಳಿ, ಸೀಟು ಜಾಸ್ತಿ ಕೆಳಗಿದ್ರೆ ಮೊಣಕಾಲಿಗೇ ಹೊರೆ ಬೀಳೋದು.